ನೆರೆಯ ತಿಲಕ್ ವಿಹಾರ

ಜನಕಪುರಿಯ ಕನ್ನಡಿಗರು ಬಟ್ಟೆಬರೆಗಾಗಿ ತಿಲಕ್ ನಗರದ ಪೇಟೆಗೆ ಹೋಗಿಬರುವುದು ವಾಡಿಕೆ. ಆ ಪೇಟೆಯಿಂದ ಅನತಿದೂರದಲ್ಲಿ ತಿಲಕ್ ವಿಹಾರವೆಂಬ ಬಡಾವಣೆಯಿದೆ. ಜನರ ಬಾಯಲ್ಲಿ ಅದು ‘ವಿಧವಾ ಕಾಲೊನಿ’. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದ ತರುವಾಯ ದೆಹಲಿಯಲ್ಲಿ ನಡೆದ ಸಿಖ್ಖರ ಕಗ್ಗೊಲೆಯಲ್ಲಿ ಪತಿಯನ್ನೂ ಪುತ್ರರನ್ನೂ ಕಳೆದುಕೊಂಡ ಸ್ತ್ರೀಯರಿಗೆ ಸರ್ಕಾರವು ವಸತಿ ಕಲ್ಪಿಸಿದ ಸ್ಥಳವದು. ಇಷ್ಟು ಸಮೀಪವಿದ್ದೂ ಅಲ್ಲಿ ಕಾಲಿಟ್ಟಿರುವ ಕನ್ನಡಿಗರು ವಿರಳ.

ಹರ್‌ಪ್ರೀತ್ ಕೌರ್ ಅವರು ನಿರ್ದೇಶಿಸಿದ ‘ದಿ ವಿಡೋ ಕಾಲೊನಿ’ ಎಂಬ ಸಾಕ್ಷ್ಯಚಿತ್ರವು ಈ ಸ್ತ್ರೀಯರನ್ನು ಕುರಿತದ್ದು. ಘಟನೆಯಾಗಿ ಎರಡು ದಶಕಗಳಾದ ಮೇಲೆ ತಯಾರಾದ ಈ ಚಿತ್ರದಲ್ಲಿ ಅವರೇ ತಮ್ಮ ಕಥೆಯನ್ನು ಹೇಳುತ್ತಾರೆ. ತ್ರಿಲೋಕಪುರಿ, ಸುಲ್ತಾನ್‌ಪುರಿ, ಮಂಗೋಲ್‌ಪುರಿಗಳ ಬಡ ಮನೆಗಳಲ್ಲಿ ಹೊರಗೆ ದುಡಿದು ಅಭ್ಯಾಸವಿಲ್ಲದೆ ಬಾಳಿದ್ದ ಅನೇಕರು ತರುವಾಯ ಸರ್ಕಾರಿ ಕಚೇರಿಗಳಲ್ಲೂ ಶಾಲೆಗಳಲ್ಲೂ ನೀರು ಕೊಡುವ, ಕಸ ಗುಡಿಸುವ ಕೆಲಸಕ್ಕೆ ಸೇರಬೇಕಾಯಿತು. ತಾಯಿ ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲದ ಮಕ್ಕಳಲ್ಲಿ ಹಲವರು ಮಾದಕ ದ್ರವ್ಯಗಳಿಗೆ ಬಲಿಯಾದರು. ಗಂಡನನ್ನು ದೊಂಬಿಗೆ ಒಪ್ಪಿಸಿದವಳು ಮಗನನ್ನು ಈ ಚಟಕ್ಕೆ ಒಪ್ಪಿಸಬೇಕಾಯಿತೆಂದರೆ ಆ ದುಃಖವನ್ನು ಏನೆಂದು ಕರೆಯಬೇಕು?

ಲೆಕ್ಕಗಳೇನೋ ಇವೆ. ಅಧಿಕೃತವಾಗಿ ದೆಹಲಿಯಲ್ಲಿ ಹತರಾದವರು 2,733. ಮೃತರ ಕುಟುಂಬಕ್ಕೆ ಮೊದಲು ನಿಗದಿಯಾದದ್ದು ಹತ್ತು ಸಾವಿರ ರೂಪಾಯಿ; ನ್ಯಾಯಾಲಯದ ಆದೇಶದಿಂದ 1996ರಲ್ಲಿ ಅದು ಮೂರೂವರೆ ಲಕ್ಷವಾಯಿತು; 2006ರಲ್ಲೂ 2014ರಲ್ಲೂ ಮತ್ತಷ್ಟು ಸೇರಿತು. ಸಾವಿಗೆ, ಗಾಯಕ್ಕೆ, ಸುಟ್ಟ ಮನೆಗೆ ದರ ಕಟ್ಟಿದವರು ಕಳೆದುಹೋದ ನಿದ್ರೆಗೆ ಯಾವ ಕಲಮಿನಲ್ಲಿ ಸ್ಥಳವಿಟ್ಟರು? ಹಣ ಬೇಡವೆಂದಲ್ಲ, ಕಂತು ಸಂದಾಯವಾದೊಡನೆ ಕಡತ ಮುಚ್ಚಿತೆಂದು ಭಾವಿಸುವುದು ತಪ್ಪು. ನ್ಯಾಯವಾದರೂ ಬೇಗ ಬಂತೇ? ಮಾಜಿ ಸಂಸದ ಸಜ್ಜನ್ ಕುಮಾರರಿಗೆ ದೆಹಲಿ ಉಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರಲ್ಲಿ, ಮೂವತ್ತನಾಲ್ಕು ವರ್ಷಗಳ ಬಳಿಕ. ನರಮೇಧವೆಂಬ ಅಪರಾಧಕ್ಕೆ ನಮ್ಮ ದಂಡಶಾಸನದಲ್ಲಿ ಸ್ಥಳವೇ ಇಲ್ಲವೆಂದು ಅದೇ ತೀರ್ಪು ಖೇದಪಟ್ಟಿತು. ವಿಶ್ವಸಂಸ್ಥೆಯ ನರಮೇಧ ಒಪ್ಪಂದವನ್ನು ಭಾರತವು 1959ರಲ್ಲಿಯೇ ಸ್ಥಿರೀಕರಿಸಿತ್ತು!

ಅದೇ 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ ಸಂಭವಿಸಿತು. ಅಲ್ಲಿನ ವೈದ್ಯಾಧಿಕಾರಿಗಳಿಗೆ ಸಂತ್ರಸ್ತರ ಮನೋವ್ಯಥೆಯನ್ನು ಗುರುತಿಸಿ ಉಪಚರಿಸುವ ತರಬೇತಿಯಿತ್ತವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು. ಕನ್ನಡನಾಡಿನ ಈ ಪರಿಣತಿಯು ತಿಲಕ್ ವಿಹಾರದಂತಹ ಕಡೆಗೂ ಸಲ್ಲತಕ್ಕದ್ದು. ಇದು ಪರರ ಗೋಳೆನ್ನುವವರು ಬೀದರಿನಲ್ಲಿ 1988ರಲ್ಲಿ ಸಿಖ್ ವಿದ್ಯಾರ್ಥಿಗಳು ಹತರಾದುದನ್ನು ಮರೆಯಲಾಗದು.

ಸಂಘಗಳು ಆರೋಗ್ಯ ತಪಾಸಣಾ ಶಿಬಿರಗಳನ್ನು ಏರ್ಪಡಿಸುವುದುಂಟು. ರಕ್ತದೊತ್ತಡ, ಮಧುಮೇಹಗಳ ಪರೀಕ್ಷೆಗೆ ಸದಸ್ಯರೇ ಬಂದು ಸದಸ್ಯರೇ ಹೋಗುತ್ತಾರೆ. ಮುಂದಿನ ಶಿಬಿರವನ್ನು ತಿಲಕ್ ವಿಹಾರದಲ್ಲಿ, ಪಂಜಾಬಿ ಬಲ್ಲ ಮನೋವೈದ್ಯರೊಬ್ಬರ ಸಹಿತ ನಡೆಸಬಾರದೇಕೆ? ಅದಕ್ಕೆ ಮುನ್ನ ಈ ಚಿತ್ರವನ್ನು ಸದಸ್ಯರಿಗೆ ತೋರಿಸುವುದು ಯುಕ್ತ. ಅಂದಿನ ತರುಣ ವಿಧವೆಯರು ಇಂದು ಅರವತ್ತು, ಎಪ್ಪತ್ತು ದಾಟಿದ್ದಾರೆ.