ಕಿತ್ತೂರ ಅರಮನೆ: ಕಟ್ಟುವುದೋ, ಕಾಯುವುದೋ?

ಪುಣೆಯ ಕಡೆಯಿಂದ ಬರುವ ಹೆದ್ದಾರಿಯು ಕೊಗನೊಳ್ಳಿಯ ಬಳಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ನಿಪ್ಪಾಣಿ, ಸಂಕೇಶ್ವರ, ಬೆಳಗಾವಿಗಳನ್ನು ಹಿಂದಿಕ್ಕಿ ಧಾರವಾಡದ ದಿಕ್ಕಿಗೆ ಇನ್ನು ಸುಮಾರು ಐವತ್ತು ಕಿಲೋಮೀಟರು ಸಾಗಿದರೆ ಕಿತ್ತೂರು. ಚಿಕ್ಕೋಡಿ, ಅಥಣಿ, ರಾಯಬಾಗಗಳ ಕಡೆಯ ಮಕ್ಕಳು ಶಾಲೆಯ ಪ್ರವಾಸ ಹೊರಟರೆ ಈ ಊರಿನಲ್ಲಿ ಇಳಿಯದೆ ಮುಂದಕ್ಕೆ ಹೋಗುವುದು ಅಪರೂಪ. ಕೋಟೆಯ ಒಳಹೊಕ್ಕು ನಾಲ್ಕು ಹೆಜ್ಜೆ ನಡೆಯುತ್ತಲೇ ಆ ಮಕ್ಕಳು ಕೇಳುವ ಮೊದಲ ಪ್ರಶ್ನೆ: “ಅರಮನೆ ಎಲ್ಲಿದೆ?” ಅರಮನೆಯ ನಡುವೆಯೇ ನಿಂತು ಅರಮನೆಯೆಲ್ಲಿ ಎಂದು ಕೇಳುವ ಪರಿಸ್ಥಿತಿ!

ಮಕ್ಕಳನ್ನು ದೂರುವಂತಿಲ್ಲ. 1961ರಲ್ಲಿ ಬಿ. ಆರ್. ಪಂತುಲು ಅವರು ತೆಗೆದ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಕಂಡವರಿಗೆಲ್ಲ ಕಿತ್ತೂರೆಂದರೆ ಕಂಬಸಾಲಿನ ದರ್ಬಾರು, ಬಿ. ಸರೋಜಾದೇವಿಯವರ ಗಂಭೀರ ಮುಖ. ಇಲ್ಲಿಯಾದರೋ ಎತ್ತರದ ಜಗಲಿ, ಮೊಂಡುಗೋಡೆಗಳು, ಗೂಡುಗಳ ಸಾಲು, ಬಾವಿ, ಬಚ್ಚಲು, ನೀರಿನ ಕೊಳವೆಗಳ ಗುರುತು. ಮೇಲೆ ಆಕಾಶ. ಅರಮನೆ ಮೂರಂತಸ್ತಿನದಾಗಿತ್ತೆಂದು ಹೇಳುತ್ತಾರೆ. ಉಳಿದಿರುವುದು ಬಹುಮಟ್ಟಿಗೆ ತಳದಂತಸ್ತು ಮಾತ್ರ.

ಕತೆ ವಾಚಕರಿಗೆ ತಿಳಿದದ್ದೇ; ಎರಡು ಮಾತಿನಲ್ಲಿ ಮುಗಿಸೋಣ. ಹದಿನಾರನೆಯ ಶತಮಾನದ ಕೊನೆಯಲ್ಲಿ ಬೇರೂರಿದ ದೇಸಗತಿ ಇದು. ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ದೇಸಾಯರು ಕೋಟೆಯನ್ನು ಕಟ್ಟಿಸಿದರು. 1824ರ ಸಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಒಪ್ಪೆನೆಂದು ಹಟ ಹಿಡಿದವನು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ. ಭಂಡಾರಕ್ಕೆ ಮುದ್ರೆ ಒತ್ತಿ, ಕಾವಲಿಟ್ಟು, ಕಡೆಗೆ ತೋಪುಗಳೊಡನೆ ಕೋಟೆಯ ಬಾಗಿಲಿಗೆ ಬಂದ. ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಕಿತ್ತೂರಿನ ಸೈನ್ಯ ಹೊರಕ್ಕೆ ನುಗ್ಗಿತು, ಥ್ಯಾಕರೆ ಅಲ್ಲಿಯೇ ಬಿದ್ದ. ಕುಂಪಣಿ ಸರಕಾರ ದೊಡ್ಡ ದಂಡನ್ನು ಕೂಡಿಸಿ ತಂದು ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯನ್ನು ಒಡೆಯಿತು. ಮದ್ದಿನಲ್ಲಿ ಸೆಗಣಿ ಬೆರೆಸಿದ ಮನೆಮುರುಕರ ಮಾತನ್ನು ಆ ಸೀಮೆಯ ಜನ ಇಂದಿಗೂ ಹಲ್ಲು ಕಡಿದೇ ಹೇಳುತ್ತಾರೆ. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು.

ಅಂದರೆ ಈ ಅರಮನೆ ಕೇವಲ ವಾಸದ ಮನೆಯಲ್ಲ. ನ್ಯಾಯ ತೀರ್ಮಾನ, ವಸೂಲಿ, ಸಂಧಾನ ಎಲ್ಲವೂ ನಡೆಯುತ್ತಿದ್ದ ಕಚೇರಿ. ಒಂದು ನಾಡಿಗೆ ಒಡೆಯರಾರೆಂಬ ಪ್ರಶ್ನೆಗೆ ಇಲ್ಲಿ ಕಾಗದದ ಮೇಲೆ ಒಂದು ಉತ್ತರ, ತೋಪಿನ ಬಾಯಿಂದ ಇನ್ನೊಂದು ಉತ್ತರ ದೊರೆಯಿತು.

ಇಂತಹುದೇ ಇನ್ನೊಂದು ಕಟ್ಟಡ ಲಖನೌದಲ್ಲಿದೆ. ನವಾಬರ ದರ್ಬಾರಿಗೆ ಕುಂಪಣಿಯವರು ನಿಯಮಿಸಿದ್ದ ರೆಸಿಡೆಂಟನ ಬಂಗಲೆ ಅದು. 1857ರ ಮುತ್ತಿಗೆಯಲ್ಲಿ ಗುಂಡಿನೇಟಿಗೆ ಜರ್ಜರಿತವಾಯಿತು. ಆಂಗ್ಲರು ಅದನ್ನು ಕೆಡವಲೂ ಇಲ್ಲ, ಮರಳಿ ಕಟ್ಟಲೂ ಇಲ್ಲ. ಗೋಡೆಯ ಮೇಲಿನ ಗುಂಡಿನ ತೂತುಗಳನ್ನು ಹಾಗೆಯೇ ಕಾಪಾಡಿ, ಸುತ್ತ ಹುಲ್ಲುಹಾಸು ಬೆಳೆಸಿ, 1947ರ ಆಗಸ್ಟಿನವರೆಗೂ ಹಗಲಿರುಳೂ ಅಲ್ಲಿ ತಮ್ಮ ಧ್ವಜವನ್ನು ಹಾರಿಸಿದರು. ತಮ್ಮವರು ಪಟ್ಟ ಪಾಡಿನ ಕಟ್ಟಡವನ್ನು ಹೇಗೆ ನೆನಪಾಗಿಸಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾವು ಒಡೆದ ಕಿತ್ತೂರಿನ ವಿಷಯದಲ್ಲಿ ಆ ವಿದ್ಯೆ ನೆನಪಿಗೆ ಬರಲಿಲ್ಲ, ಅಷ್ಟೆ. ಥ್ಯಾಕರೆಗೆ ಧಾರವಾಡದಲ್ಲಿ ಚೂಪುಗಂಬ ಎದ್ದಿತು; ಕಿತ್ತೂರಿನ ಅರಮನೆಗೆ ಮಳೆಗಾಲವೇ ಗತಿಯಾಯಿತು.

ಆದರೂ ಇತಿಹಾಸ ಕೆಲವೊಮ್ಮೆ ವಿಚಿತ್ರವಾಗಿ ಲೆಕ್ಕ ತೀರಿಸುತ್ತದೆ. ಥ್ಯಾಕರೆ ಬಿದ್ದ ದಿನ ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು: ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟ್‌ನಿಗೆ ಆಗ ಇಪ್ಪತ್ತೊಂದರ ಪ್ರಾಯ. ಸುಮಾರು ನಲವತ್ತು ದಿನ ಇಬ್ಬರೂ ಕಿತ್ತೂರಿನಲ್ಲಿ ಒತ್ತೆಯಾಳುಗಳಾಗಿದ್ದು, ಕೂದಲೂ ಕೊಂಕದಂತೆ ಹೊರಬಂದರು. ಮುಂದೆ ಇದೇ ಎಲಿಯಟ್ ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ನಮ್ಮ ಈ ಸೀಮೆಯಲ್ಲಿ ಊರೂರಿನ ಶಿಲಾಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಅವುಗಳ ಆಧಾರದಿಂದ ಚಾಲುಕ್ಯರ ವಂಶಾವಳಿಯನ್ನು ಹೊಂದಿಸಿ 1830ರ ದಶಕದಲ್ಲಿ ಪ್ರಕಟಿಸಿದ. ಕಲ್ಯಾಣದ ಚಾಲುಕ್ಯರ ವಿಷಯವಾಗಿ ನಾವು ಶಾಲೆಯಲ್ಲಿ ಓದುವ ಪಾಠದ ತಳಪಾಯದಲ್ಲಿ ಅವನ ದುಡಿಮೆ ಇದೆ. ಕಿತ್ತೂರಿನವರು ಅಂದು ಕತ್ತಿಯನ್ನು ಒರೆಗೆ ಸೇರಿಸದೆ ಇದ್ದಿದ್ದರೆ? ಚೆನ್ನಮ್ಮನ ಶೌರ್ಯವನ್ನು ಹಾಡುವವರು ಬಹಳ. ಅವಳ ಸೆರೆಯಾಳುಗಳು ಬದುಕಿ ಹೊರಬಂದುದನ್ನು ಹಾಡುವವರು ಕಡಿಮೆ. ಈ ಲೇಖಕನ ದೃಷ್ಟಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಿರಿದಲ್ಲ.

ಇನ್ನು ಇಂದಿನ ಮಾತು. ಕೋಟೆಯ ಆವರಣದಲ್ಲಿ ಸರಕಾರದ ವಸ್ತುಸಂಗ್ರಹಾಲಯವಿದೆ; ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿ, ಆಯುಧಗಳು ಅಲ್ಲಿವೆ. ಪ್ರತಿ ಅಕ್ಟೋಬರಿನಲ್ಲಿ ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯದ ಇನ್ನೂರನೆಯ ವರ್ಷವನ್ನು ಆಚರಿಸಿದ್ದಾಯಿತು. ಇದಕ್ಕೆ ಮುಂಚೆ, 2021-22ರ ಸುಮಾರಿಗೆ, ಅರಮನೆಯ ಪ್ರತಿರೂಪವನ್ನು ಹೊಸದಾಗಿ ಕಟ್ಟುವ ಯೋಜನೆಯನ್ನು ಸರಕಾರ ಮುಂದಿಟ್ಟಿತು. ಸ್ಥಳ ಮಾತ್ರ ಕಿತ್ತೂರಲ್ಲ, ಹತ್ತಿರದ ಬಚ್ಚನಕೇರಿ. ಕಿತ್ತೂರಿನ ಜನ ಸಿಟ್ಟಿಗೆದ್ದರು. ಅರಮನೆ ನಮ್ಮದು, ಕಟ್ಟುವುದಾದರೆ ನಮ್ಮ ಕೋಟೆಯಲ್ಲಿ ಕಟ್ಟಿರಿ ಎಂದು ಅವರ ಹಟ.

ಆ ಸಿಟ್ಟು ನ್ಯಾಯವಾದುದೇ. ಪ್ರವಾಸಿಗರು ಹೊಸ ಅರಮನೆಯನ್ನು ನೋಡಿ ಅಲ್ಲಿಂದಲೇ ಹಿಂದಿರುಗಿದರೆ ಕಿತ್ತೂರಿನ ಖಾನಾವಳಿ, ಅಂಗಡಿ, ಟಾಂಗಾ ಹೋಗಿ ಬಂದ ರಿಕ್ಷಾ ಇವುಗಳ ಗತಿಯೇನು? ಚೆನ್ನಮ್ಮನ ಹೆಸರು ಹೇಳಿ ಬರುವ ನಾಲ್ಕು ಕಾಸು ಚೆನ್ನಮ್ಮನ ಊರಿಗೇ ಸಲ್ಲಬೇಕೆಂಬುದರಲ್ಲಿ ದುರಾಸೆಯಿಲ್ಲ. ಆದರೆ ಅವರ ಬೇಡಿಕೆಯ ಉತ್ತರಾರ್ಧವನ್ನು ಒಪ್ಪುವುದು ಕಷ್ಟ. ಹಳೆಯ ತಳಪಾಯದ ಮೇಲೆ ಹೊಸ ಕಂಬಗಳನ್ನು ನೆಡಬೇಕಾದರೆ ಅಡಿಪಾಯ ತೋಡಬೇಕು, ಗೋಡೆ ಬಿಚ್ಚಬೇಕು. ಕುಂಪಣಿಯ ತೋಪುಗಳು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಮ್ಮ ಗುತ್ತಿಗೆದಾರರು ಪೂರೈಸಿದಂತಾದೀತು. ಮೇಲಂತಸ್ತುಗಳಿಗೆ ಊಹೆಯನ್ನೇ ನೆಚ್ಚಬೇಕು. ಊಹೆ ಸಿನಿಮಾದ ಕಡೆಗೇ ವಾಲುವುದು ಸಹಜ.

ಒಂದು ಉದಾಹರಣೆ. ಅರಮನೆಯ ಗೋಡೆಯೊಂದರಲ್ಲಿ ಓರೆಯಾಗಿ ಕೂರಿಸಿದ ಕೊಳವೆಯಂತಹ ಕಿಂಡಿಯುಂಟು. ಅದರಲ್ಲಿ ಕಣ್ಣಿಟ್ಟರೆ ಧ್ರುವನಕ್ಷತ್ರ ಕಾಣುತ್ತದೆ. ಧ್ರುವವು ಯಾವ ಊರಿನಲ್ಲಿಯೂ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಕಿತ್ತೂರಿಗೆ ಅದು ಕ್ಷಿತಿಜದಿಂದ ಸುಮಾರು 15½ ಡಿಗ್ರಿ. ಕಟ್ಟಿದವನು ಇದನ್ನು ಅಳೆದು ಇಟ್ಟಿದ್ದಾನೆ. ಪ್ರತಿರೂಪದಲ್ಲಿಯೂ ಇಂತಹ ಕಿಂಡಿಯನ್ನು ಕೊರೆಯಬಹುದು, ನಿಜ. ಆದರೆ ಮುರಿದ ಗೋಡೆಯಲ್ಲಿ ಇಂದಿಗೂ ನಕ್ಷತ್ರ ಸಿಕ್ಕುವುದೇ ಸೋಜಿಗ. ಹೊಸ ಗೋಡೆಯಲ್ಲಿ ಸಿಕ್ಕಿದರೆ ಅದು ಇಂಜಿನಿಯರರ ಕರ್ತವ್ಯ.

ಹಾಗಾದರೆ ಕಾಯುವುದೆಂದರೆ ಏನು? ಸುಮ್ಮನೆ ಬಿಡುವುದಂತೂ ಅಲ್ಲ. ಮಲೆನಾಡಿನ ಸೆರಗಿನ ಊರು ಇದು, ಮಳೆ ಕಡಿಮೆಯಿಲ್ಲ. ಚಾವಣಿಯಿಲ್ಲದ ಗೋಡೆಗೆ ಶತ್ರು ಮೇಲಿನಿಂದ ಬರುತ್ತಾನೆ. ತಲೆಯ ಬಿರುಕಿನಲ್ಲಿ ನೀರು ಇಳಿಯುತ್ತದೆ, ಅರಳಿಯ ಬೀಜ ಮೊಳೆಯುತ್ತದೆ, ಬೇರು ಕಲ್ಲನ್ನು ಸರಿಸುತ್ತದೆ. ಗೋಡೆಯ ನೆತ್ತಿಗೆ ಸುಣ್ಣದ ಗಾರೆಯ ಹೊದಿಕೆ ಹಾಕುವುದು, ನೆಲದ ನೀರಿಗೆ ದಾರಿ ತೋಡುವುದು, ವರುಷಕ್ಕೊಮ್ಮೆ ಗಿಡ ಕೀಳುವುದು, ಇಷ್ಟೇ ಚಿಕಿತ್ಸೆ. ಸಿಮೆಂಟು ಕೂಡದು. ಸುಣ್ಣದ ಗೋಡೆ ಉಸಿರಾಡುತ್ತದೆ. ಸಿಮೆಂಟಿನ ಮೆತ್ತಿಗೆ ತೇವವನ್ನು ಒಳಗೇ ಬಂಧಿಸಿ, ಹಳೆಯ ಇಟ್ಟಿಗೆಯನ್ನು ಉಪ್ಪಿನಿಂದ ಕೊಳೆಯಿಸುತ್ತದೆ. ಈ ಕೆಲಸಕ್ಕೆ ಉದ್ಘಾಟನೆಯ ರಿಬ್ಬನ್ನು ಕಟ್ಟಲು ಜಾಗವಿಲ್ಲದಿರುವುದರಿಂದಲೋ ಏನೋ, ಹಣ ಒದಗುವುದು ನಿಧಾನ.

ಮಕ್ಕಳ ಪ್ರಶ್ನೆಗೆ ಉತ್ತರವನ್ನಂತೂ ಕೊಡಲೇಬೇಕು. ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿ ಅರಮನೆಯ ಮರದ ಮಾದರಿಯೊಂದನ್ನು ಇಡಿಸಿ, ಗೊತ್ತಿರುವ ಭಾಗಕ್ಕೆ ಒಂದು ಬಣ್ಣ, ಊಹೆಯ ಭಾಗಕ್ಕೆ ಇನ್ನೊಂದು ಬಣ್ಣ ಬಳಿಸಬಹುದು. ಪ್ರತಿ ಮೊಂಡುಗೋಡೆಯ ಬಳಿ ಕನ್ನಡದಲ್ಲಿ ನಾಲ್ಕೇ ಸಾಲು ಬರೆಸಬಹುದು: ಇಲ್ಲಿ ದರ್ಬಾರು, ಇಲ್ಲಿ ಅಡಿಗೆಮನೆ, ಇಲ್ಲಿ ಬಚ್ಚಲು. ಊರಿನ ಹತ್ತು ಮಂದಿ ಯುವಕ ಯುವತಿಯರಿಗೆ ತರಬೇತು ಕೊಟ್ಟು, ಬಂದವರಿಗೆ ಸ್ಥಳ ತೋರಿಸುವ ಕೆಲಸವನ್ನು ಒಪ್ಪಿಸಬಹುದು. ಸಂಜೆ ನಕ್ಷತ್ರ ಮೂಡುವವರೆಗೂ ಬಾಗಿಲು ತೆರೆದಿಟ್ಟರೆ ಆ ಕಿಂಡಿಗೆ ಕಣ್ಣಿಡಲು ಸಾಲು ನಿಂತೀತು. ಸಾಲು ನಿಂತವರು ರಾತ್ರಿಯ ಊಟಕ್ಕೆ ಕಿತ್ತೂರಿನಲ್ಲಿಯೇ ಉಳಿಯುತ್ತಾರೆ.