ಪಿಕಪ್ ವಾಹನದ ಆಯ್ಕೆ: ಮುರಗೋಡ ಭಾಗದ ರೈತರು ತೂಗಿ ನೋಡಬೇಕಾದ ಸಂಗತಿಗಳು



2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅಂದಿನಿಂದ ಮುರಗೋಡ, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಭಾಗದ ರೈತರು ಬೆಳೆಯ ಬಗೆಗಿನ ಪ್ರಶ್ನೆಗಳೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ: ಭಾರ ಹೊರುವ ಡೀಸೆಲ್ ಪಿಕಪ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು? ಬೇಸಾಯಶಾಸ್ತ್ರದವರಿಗೆ ವಾಹನಗಳ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮೂರೂವರೆ ಟನ್ ತೂಗುವ ಯಂತ್ರವೊಂದು ತಮ್ಮ ಎರೆಹೊಲದಲ್ಲಿ ಓಡಾಡುವುದಾದರೆ ಮತ್ತು ಅದರ ಸಾಲದ ಕಂತು ತಮ್ಮ ಬೆಳೆಯ ಹಣದಿಂದಲೇ ಸಂದಾಯವಾಗಬೇಕಾದರೆ, ಅದು ಬೇಸಾಯದ ವಿಷಯವೇ ಆಗುತ್ತದೆ.

ಮೊದಲು ತೆರಿಗೆ ಇಳಿಕೆಯಿಂದ ಆಗುವ ಲಾಭವನ್ನು ಅದರ ಅಳತೆಯಲ್ಲಿಯೇ ಅರಿಯೋಣ. ಹಿಂದೆ ತೆರಿಗೆ ಸೇರಿ 10 ಲಕ್ಷ ರೂಪಾಯಿ ಇದ್ದ ವಾಹನ, ಮೂಲಬೆಲೆ ಬದಲಾಗದಿದ್ದರೆ, ಈಗ ಸುಮಾರು 9.22 ಲಕ್ಷಕ್ಕೆ ದೊರೆಯಬೇಕು. ಅಂದರೆ 78 ಸಾವಿರ ರೂಪಾಯಿ ಉಳಿತಾಯ. ಇದು ಸಣ್ಣ ಮೊತ್ತವಲ್ಲ. 2025-26ರ ಹಂಗಾಮಿಗೆ ನಿಗದಿಯಾಗಿದ್ದ, ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಯಲ್ಲಿ 32 ಕ್ವಿಂಟಲಿಗೂ ಮಿಕ್ಕಿದ ಗೋವಿನಜೋಳಕ್ಕೆ ಇದು ಸಮ. ಆದರೆ ಆ ಹಂಗಾಮಿನಲ್ಲಿ ಗೋವಿನಜೋಳವು ಆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಮಾರಾಟವಾದುದನ್ನು ತಾವೆಲ್ಲರೂ ಬಲ್ಲಿರಿ. ಬೆಳೆಯ ಬೆಲೆ ಕುಸಿದ ವರ್ಷದಲ್ಲಿಯೇ ವಾಹನದ ಬೆಲೆಯೂ ಇಳಿದಿರುವುದರಿಂದ, ಕೊಳ್ಳುವ ನಿರ್ಧಾರವನ್ನು ಮಾರಾಟ ಮಳಿಗೆಯ ಫಲಕ ನೋಡಿ ಮಾಡದೆ ಕಾಗದದ ಮೇಲೆ ಲೆಕ್ಕ ಹಾಕಿ ಮಾಡುವುದು ಲೇಸು.

ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ?

ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಇದರಲ್ಲಿಯ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ತಾವು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಮತ್ತೊಮ್ಮೆ ಲೆಕ್ಕಿಸಬೇಕು. ರಸ್ತೆಗಿಳಿಯುವ ಹೊತ್ತಿಗೆ ವಾಹನಕ್ಕೆ 10 ಲಕ್ಷ ತಗಲಿ, ಎಂಟು ವರ್ಷಗಳ ನಂತರ ಅದು 3 ಲಕ್ಷಕ್ಕೆ ಮಾರಾಟವಾಗುವುದೆಂದು ಭಾವಿಸಿದರೆ, ಸವಕಳಿಯೇ ವರ್ಷಕ್ಕೆ 87,500 ರೂಪಾಯಿ. ತೊಡಗಿಸಿದ ಹಣದ ಸರಾಸರಿ 6.5 ಲಕ್ಷ, ಶೇ. 10ರಂತೆ ಅದರ ಬಡ್ಡಿ 65 ಸಾವಿರ. ವಿಮೆ, ತೆರಿಗೆ, ಅರ್ಹತಾ ಪತ್ರ ಇತ್ಯಾದಿಗಳಿಗೆ 45 ಸಾವಿರ ಹಿಡಿಯೋಣ. 7,500 ಕೆ.ಜಿ. ಒಳಗಿನ ಸರಕು ವಾಹನಕ್ಕೆ 2022ರಲ್ಲಿ ನಿಗದಿಯಾದ ಮೂರನೆಯ ವ್ಯಕ್ತಿಯ ವಿಮಾ ಕಂತೇ 16,049 ರೂಪಾಯಿ ಇರುವುದರಿಂದ ಈ ಅಂದಾಜು ಹೆಚ್ಚಿನದೇನಲ್ಲ. ಹೀಗೆ ಗಾಡಿ ಮನೆಯ ಮುಂದೆ ನಿಂತೇ ಇದ್ದರೂ ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ ರೂಪಾಯಿ ಖರ್ಚು.

ಓಡಿದಾಗ ತಗಲುವ ವೆಚ್ಚ ಬೇರೆ. ಲೀಟರಿಗೆ 12 ಕಿ.ಮೀ. ಓಟ, ಡೀಸೆಲ್ ದರ 90 ರೂಪಾಯಿ ಎಂದು ಹಿಡಿದರೆ ಕಿ.ಮೀ.ಗೆ 7.50 ರೂಪಾಯಿ, ಟೈರು, ಆಯಿಲ್, ದುರಸ್ತಿಗೆ 3 ರೂಪಾಯಿ, ಒಟ್ಟು 10.50. ತಮ್ಮ ಭಾಗದಲ್ಲಿ ಪಿಕಪ್ ಬಾಡಿಗೆ ಕಿ.ಮೀ.ಗೆ 22 ರೂಪಾಯಿ ಇದ್ದರೆ, ಸ್ವಂತ ಗಾಡಿಯಲ್ಲಿ ಪ್ರತಿ ಕಿ.ಮೀ.ಗೆ ಉಳಿಯುವುದು 11.50. ಎರಡು ಲಕ್ಷದ ಸ್ಥಿರ ವೆಚ್ಚವನ್ನು ಈ ಉಳಿತಾಯ ತುಂಬಿಕೊಡಬೇಕಾದರೆ ಗಾಡಿಯು ವರ್ಷಕ್ಕೆ ಸುಮಾರು 17,400 ಕಿ.ಮೀ. ಓಡಬೇಕು. ಇದು ತಾವೇ ಚಾಲಕರಾದಾಗಿನ ಮಾತು. ತಿಂಗಳಿಗೆ 15 ಸಾವಿರ ಕೊಟ್ಟು ಚಾಲಕನನ್ನು ಇಟ್ಟುಕೊಂಡರೆ ಬೇಕಾದ ಓಟ 33 ಸಾವಿರ ಕಿ.ಮೀ.ಗೆ ಏರುತ್ತದೆ.

ಈಗ ತಮ್ಮ ಹೊಲವನ್ನು ನೋಡಿರಿ. ಹತ್ತು ಎಕರೆಯ ಹಿಡುವಳಿಯಲ್ಲಿ ಹತ್ತಿ, ಗೋವಿನಜೋಳ, ಹಿಂಗಾರಿನ ಕಡಲೆ, ಬಿಳಿಜೋಳ ಎಲ್ಲ ಸೇರಿ ಮಾರುಕಟ್ಟೆಗೆ ಮೂವತ್ತು ಸರತಿ, ಹೋಗಿಬರಲು ತಲಾ 80 ಕಿ.ಮೀ. ಎಂದು ಧಾರಾಳವಾಗಿಯೇ ಹಿಡಿದರೂ ಆಗುವುದು 2,400 ಕಿ.ಮೀ. ಬೀಜ, ಗೊಬ್ಬರ, ಮೇವು ತರುವ ಓಡಾಟ ಸೇರಿಸಿದರೂ ಐದು ಸಾವಿರ ದಾಟುವುದು ಕಷ್ಟ. ತೆರಿಗೆ ಇಳಿಕೆಯು ವಾರ್ಷಿಕ ವೆಚ್ಚವನ್ನು ಹತ್ತರಿಂದ ಹದಿನೈದು ಸಾವಿರದಷ್ಟು ತಗ್ಗಿಸೀತು, ಅಂದರೆ ಬೇಕಾದ ಓಟದಲ್ಲಿ ಸಾವಿರ ಕಿ.ಮೀ. ಆಸುಪಾಸು ಮಾತ್ರ. ಆದ್ದರಿಂದ ಕೇವಲ ಸ್ವಂತ ಬೆಳೆಗಾಗಿ ಹೊಸ ಪಿಕಪ್ ಕೊಳ್ಳುವುದು ನಮ್ಮ ಭಾಗದ ಬಹುಪಾಲು ಒಣಬೇಸಾಯಗಾರರಿಗೆ ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವರ್ಷವಿಡೀ ತರಕಾರಿ ಅಥವಾ ಹಾಲು ಸಾಗಿಸುವವರು, ಬಾಡಿಗೆ ಕೆಲಸವನ್ನು ಉದ್ಯೋಗವಾಗಿ ಮಾಡಬಲ್ಲ ಮಗನಿರುವ ಮನೆಯವರು, ರೈತ ಉತ್ಪಾದಕ ಸಂಸ್ಥೆಗಳು ಇದಕ್ಕೆ ಹೊರತು. ಮುಂದಿನ ಮಾತುಗಳು ಅಂಥವರಿಗೆ.

ಸರಕಿನ ತೂಕ ಮತ್ತು ಗಾತ್ರ

ಕಂಪನಿಗಳ ಸ್ಪರ್ಧೆ ಈಗ ಮುಖ್ಯವಾಗಿ ಹೊರುವ ಭಾರದ ಮೇಲೆ ನಿಂತಿದೆ. ಟಾಟಾ ಕಂಪನಿಯು 2022ರ ಸೆಪ್ಟೆಂಬರ್‌ನಲ್ಲಿ 2,000 ಕೆ.ಜಿ. ಹೊರುವ ಯೋಧಾ 2.0 ತಂದಿತು. ಮಹೀಂದ್ರಾ 2023ರ ಏಪ್ರಿಲ್‌ನಲ್ಲಿ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಹೊಸ ಶ್ರೇಣಿಯನ್ನು ಬಿಡುಗಡೆ ಮಾಡಿ 1.3 ಟನ್‌ನಿಂದ 2 ಟನ್‌ವರೆಗಿನ ಆಯ್ಕೆ ಒದಗಿಸಿತು. ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್ 2020ರ ಸೆಪ್ಟೆಂಬರ್‌ನಲ್ಲಿ ಬಂದುದು. ಎಂಜಿನ್ನಿನ ವಿಷಯದಲ್ಲಿ ಮೂರರ ಸ್ವಭಾವವೂ ಬೇರೆ ಬೇರೆ. ಯೋಧಾದ 2.2 ಲೀಟರ್ ಎಂಜಿನ್ 100 ಅಶ್ವಶಕ್ತಿ ಮತ್ತು 250 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ. ಬೊಲೆರೊ ಪಿಕಪ್‌ಗಳದು 2,523 ಸಿಸಿಯ ಹಳೆಯ ಪಳಗಿದ ಎಂಜಿನ್. ಹೆಚ್ಚಿನ ಶಕ್ತಿಯ ಮಾದರಿಯಲ್ಲಿ 220 ನ್ಯೂಟನ್ ಮೀಟರ್ ಸಿಗುತ್ತದೆ. ಬಡಾ ದೋಸ್ತ್‌ನದು ಮೂರು ಸಿಲಿಂಡರಿನ 1,478 ಸಿಸಿ, 80 ಅಶ್ವಶಕ್ತಿ, 190 ನ್ಯೂಟನ್ ಮೀಟರ್. ನಮ್ಮದು ಬಹುಮಟ್ಟಿಗೆ ಬಯಲು ನಾಡು. ಸವದತ್ತಿಯ ಗುಡ್ಡದ ಏರು, ಬೆಳೆ ಹೊತ್ತು ಕರಾವಳಿಗೆ ಇಳಿಯುವ ಘಟ್ಟದ ದಾರಿ ಇವನ್ನು ಬಿಟ್ಟರೆ ನೂರು ಅಶ್ವಶಕ್ತಿಯ ಅಗತ್ಯ ನಿತ್ಯ ಬೀಳುವುದಿಲ್ಲ.

ಅದಕ್ಕಿಂತ ಮುಖ್ಯವಾದುದು ತಾವು ಏನನ್ನು ಹೊರಿಸುವಿರಿ ಎಂಬುದು. ಒಂದು ಘನ ಮೀಟರ್ ಜಾಗದಲ್ಲಿ ಗೋವಿನಜೋಳದ ಕಾಳು 700 ಕೆ.ಜಿ.ಗೂ ಮಿಗಿಲಾಗಿ ಹಿಡಿಯುತ್ತದೆ. ಬಿಡಿಯಾಗಿ ತುಂಬಿದ ಹತ್ತಿಯಾದರೆ 100ರಿಂದ 150 ಕೆ.ಜಿ. ಅಷ್ಟೆ. ಐದು ಚದರ ಮೀಟರ್ ತಳವಿರುವ ಡಬ್ಬಿಯಲ್ಲಿ ಗೋವಿನಜೋಳವು ಒಂದೂವರೆ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಒಂದೂವರೆ ಟನ್ ದಾಟಿರುತ್ತದೆ. ಅದೇ ಡಬ್ಬಿಯಲ್ಲಿ ಅದೇ ಎತ್ತರಕ್ಕೆ ಹತ್ತಿ ತುಂಬಿದರೆ ಮೂರು ಕ್ವಿಂಟಲ್ ಸುಮಾರು. ಆದುದರಿಂದ ಬೈಲಹೊಂಗಲದ ಹತ್ತಿ ಮಾರುಕಟ್ಟೆಗೆ ಸಾಗಿಸುವುದೇ ಮುಖ್ಯ ಕೆಲಸವಾಗಿರುವವರು 2 ಟನ್ ಸಾಮರ್ಥ್ಯಕ್ಕೆ ಹೆಚ್ಚಿನ ಹಣ ತೆರುವುದು ವ್ಯರ್ಥ. ಅವರಿಗೆ ಬೇಕಾದುದು ಉದ್ದನೆಯ ಡಬ್ಬಿ. ಮ್ಯಾಕ್ಸ್ ಶ್ರೇಣಿಯಲ್ಲಿ 3,050 ಮಿ.ಮೀ. ಉದ್ದದ ಡಬ್ಬಿ ದೊರೆಯುತ್ತದೆ. ಉಳ್ಳಾಗಡ್ಡಿ, ಕಾಳು, ಗೊಬ್ಬರದ ಚೀಲ ಸಾಗಿಸುವವರು ಇದಕ್ಕೆ ವಿರುದ್ಧವಾಗಿ ತೂಕದ ಸಾಮರ್ಥ್ಯವನ್ನು ನೋಡಬೇಕು. ಕಬ್ಬಿನ ಮಾತನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಅದು ಟ್ರ್ಯಾಕ್ಟರ್ ಮತ್ತು ಲಾರಿಗಳ ಕೆಲಸ.

ಭಾರದ ಮಿತಿಯನ್ನು ಮೀರುವ ರೂಢಿ ನಮ್ಮಲ್ಲಿ ಹಳೆಯದು. ಟಾಟಾ 207ರ ಕಾಲದಿಂದ ಪಾಟಾಗಳಿಗೆ ಇನ್ನೆರಡು ಎಲೆ ಸೇರಿಸಿಕೊಂಡು ಹೇರುತ್ತ ಬಂದಿದ್ದೇವೆ. ಎಲೆ ಸೇರಿಸಿದರೆ ಗಾಡಿ ಕುಸಿಯದಿರಬಹುದು, ಆದರೆ ಬ್ರೇಕು ಮತ್ತು ಟೈರುಗಳ ಶಕ್ತಿ ಹೆಚ್ಚುವುದಿಲ್ಲ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ ಹೆಚ್ಚುವರಿ ಭಾರಕ್ಕೆ 20 ಸಾವಿರ ರೂಪಾಯಿ ಮತ್ತು ಮಿಕ್ಕ ಪ್ರತಿ ಟನ್ನಿಗೆ 2 ಸಾವಿರ ದಂಡವಿದೆ. ಜನರನ್ನು ಸರಕಿನ ಮೇಲೆ ಕೂರಿಸುವುದು ಇದಕ್ಕಿಂತಲೂ ಗಂಭೀರ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರದ ಬಳಿ ಉರುಳಿದಾಗ, ಸರಕಿನೊಂದಿಗೆ ಕುಳಿತಿದ್ದ ಹತ್ತರಷ್ಟು ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳಲ್ಲಿ ಪಿಕಪ್ ಡಬ್ಬಿಗಳು ಜನರಿಂದ ತುಂಬುವುದನ್ನು ಕಾಣುತ್ತಿರುವ ವಿಸ್ತರಣಾ ಕಾರ್ಯಕರ್ತರು ಈ ಸಂಗತಿಯನ್ನು ಗ್ರಾಮಸಭೆಗಳಲ್ಲಿ ಬಿಡದೆ ಹೇಳಬೇಕು.

ಎರೆಹೊಲದಲ್ಲಿ ಗಾಲಿಯ ಒತ್ತಡ

ಮಾರಾಟಗಾರರು ಎಂದಿಗೂ ಹೇಳದ ವಿಷಯ ಇದು. ತುಂಬಿದ ಪಿಕಪ್‌ನ ಹಿಂದಿನ ಟೈರುಗಳಲ್ಲಿ ಚದರ ಅಂಗುಲಕ್ಕೆ 60 ಪೌಂಡಿನ ಆಸುಪಾಸು ಗಾಳಿ ಇರುತ್ತದೆ; ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿನಲ್ಲಿ 12ರಿಂದ 16 ಪೌಂಡು. ನೆಲದ ಮೇಲ್ಪದರಕ್ಕೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನ ಗಾಳಿಯ ಒತ್ತಡವನ್ನೇ ಹೋಲುವುದರಿಂದ, ಟ್ರ್ಯಾಕ್ಟರಿಗಿಂತ ಹಗುರವಾಗಿ ಕಾಣುವ ಪಿಕಪ್ ನೆಲವನ್ನು ಅದಕ್ಕಿಂತ ನಾಲ್ಕು ಪಟ್ಟು ಒತ್ತುತ್ತದೆ. ಇನ್ನು ಆಳದ ಪದರ ಬಿಗಿಯಾಗುವುದು ಒಂದೊಂದು ಗಾಲಿ ಹೊರುವ ಒಟ್ಟು ಭಾರದಿಂದ. ತುಂಬು ಪಿಕಪ್‌ನಲ್ಲಿ ಅದೂ ಒಂದು ಟನ್ ಮುಟ್ಟುತ್ತದೆ. ಹಸಿಯಿರುವ ಎರೆಮಣ್ಣಿನಲ್ಲಿ ಹೀಗಾದರೆ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗದೆ, ಮುಂದಿನ ಕಡಲೆಯ ಬೇರು ಆ ಪಟ್ಟಿಯಲ್ಲಿ ಕೆಳಗಿಳಿಯದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರಿದು ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ ನಿಜ, ಆದರೆ ಆಳದ ಗಡುಸು ಒಂದೇ ಬೇಸಿಗೆಯಲ್ಲಿ ಹೋಗುವುದಿಲ್ಲ. ಸೋಯಾ ಅವರೆ, ಗೋವಿನಜೋಳದ ಕೊಯ್ಲಿನ ವೇಳೆಗೆ ಹಿಂದಿನ ಮಳೆಯ ತೇವ ಉಳಿದೇ ಇರುತ್ತದೆ. ಆಗ ಫಸಲನ್ನು ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ದಾರಿಯವರೆಗೆ ತಂದು ಪಿಕಪ್‌ಗೆ ತುಂಬಿರಿ. ನಾಲ್ಕೂ ಗಾಲಿ ಎಳೆಯುವ ಮಾದರಿ ಕೊಂಡರೆ ಹೊಲಕ್ಕೇ ಇಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಕೆಸರಿನಿಂದ ಗಾಡಿಯನ್ನು ಹೊರತರುತ್ತದೆಯೇ ಹೊರತು ಮಣ್ಣಿನ ಮೇಲಿನ ಒತ್ತಡವನ್ನು ಕಡಿಮೆ ಮಾಡುವುದಿಲ್ಲ.

ಹೊಗೆಯ ಶೋಧಕ ಮತ್ತು ಯೂರಿಯಾ

2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕ ಸೇರಿಕೊಂಡಿದೆ. ಎಂಜಿನ್ ಚೆನ್ನಾಗಿ ಕಾದು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಹೊಲದಿಂದ ಮನೆಗೆ, ಮನೆಯಿಂದ ಸೊಸೈಟಿಗೆ ಎಂದು ಮೂರು-ನಾಲ್ಕು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತ ಹೋಗಿ ಎಚ್ಚರಿಕೆ ದೀಪ ಹತ್ತುತ್ತದೆ. ಆ ದೀಪವನ್ನು ಕಡೆಗಣಿಸಿದರೆ ದುರಸ್ತಿ ಬಲು ದುಬಾರಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಯ ದೂರದ ಓಟ ಇಲ್ಲದವರಿಗೆ ಡೀಸೆಲ್ ಪಿಕಪ್ ತಕ್ಕುದಲ್ಲವೆಂದೇ ಹೇಳಬೇಕು.

ಕೆಲವು ಮಾದರಿಗಳಿಗೆ ಡೀಸೆಲ್ ಜೊತೆಗೆ ಡಿಇಎಫ್ ಎಂಬ ದ್ರವವನ್ನೂ ತುಂಬಬೇಕಾಗುತ್ತದೆ. ತಾವು ನೋಡುತ್ತಿರುವ ಮಾದರಿಗೆ ಅದು ಬೇಕೇ, ಎಷ್ಟು ಕಿ.ಮೀ.ಗೆ ಎಷ್ಟು ಎಂದು ಮಳಿಗೆಯಲ್ಲಿಯೇ ಕೇಳಿ ಬರೆಸಿಕೊಳ್ಳಿರಿ. ಈ ದ್ರವವು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಕರಗಿಸಿದ್ದು ಎಂದು ತಿಳಿದೊಡನೆ, ಮನೆಯಲ್ಲಿಯ ಚೀಲದಿಂದಲೇ ಮಾಡಿಕೊಳ್ಳಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಹಾಗೆ ಖಂಡಿತ ಮಾಡಬೇಡಿ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನವಿದೆ, ಬೈಯುರೆಟ್ ಮತ್ತು ಲವಣಾಂಶಗಳಿವೆ. ಇವು ಹೊಗೆ ಶುದ್ಧಿಯ ಇಡೀ ವ್ಯವಸ್ಥೆಯನ್ನು ಹಾಳುಮಾಡುತ್ತವೆ. ಮೇಲಾಗಿ ಸಹಾಯಧನದ ಯೂರಿಯಾವನ್ನು ಬೇಸಾಯೇತರ ಕೆಲಸಕ್ಕೆ ಬಳಸುವುದು ಕಾನೂನಿನಂತೆ ಅಪರಾಧ.

ಹಾಗಾದರೆ ಯಾವುದು?

ಬಾಡಿಗೆಗೆ ಓಡಿಸಿ ಐದಾರು ವರ್ಷಗಳಲ್ಲಿ ಮಾರುವ ಯೋಚನೆ ಇದ್ದರೆ ಬೊಲೆರೊ ಪಿಕಪ್ ಕಡೆಗೆ ನನ್ನ ಒಲವು. ಈ ವರ್ಗದಲ್ಲಿ ಅತಿ ಹೆಚ್ಚು ಓಡುತ್ತಿರುವುದು ಅದೇ ಆದ್ದರಿಂದ ಬಿಡಿಭಾಗ, ಬಲ್ಲ ಮೆಕ್ಯಾನಿಕ್, ಹಳೆಯ ಗಾಡಿಗೆ ಗಿರಾಕಿ ಮೂರೂ ಸುಲಭವಾಗಿ ಸಿಗುತ್ತವೆ. ಭಾರದ ಚೀಲಗಳನ್ನು ಹೊತ್ತು ಹುಬ್ಬಳ್ಳಿಗೋ ಘಟ್ಟದ ಕೆಳಗೋ ಪದೇ ಪದೇ ಹೋಗುವವರಿಗೆ ಯೋಧಾದ ಶಕ್ತಿ ಉಪಯೋಗಕ್ಕೆ ಬರುತ್ತದೆ. ಟಾಟಾ ಬಸ್ಸುಗಳ ಘಟಕ ಧಾರವಾಡದಲ್ಲಿಯೇ ಇದೆಯಲ್ಲ ಎಂದು ಕೆಲವರು ನನ್ನೊಡನೆ ವಾದಿಸಿದ್ದುಂಟು. ಅದರಿಂದ ಸವದತ್ತಿಯಲ್ಲಿ ಪಿಕಪ್‌ನ ಕ್ಲಚ್ ಪ್ಲೇಟು ಬೇಗ ಸಿಗುವುದೆಂದು ತಿಳಿಯಬಾರದು. ಬಡಾ ದೋಸ್ತ್‌ನ ಸಣ್ಣ ಎಂಜಿನ್ ನಗರದ ಹಗುರ ಸಾಗಣೆಗೆ ಒಗ್ಗುತ್ತದೆ. ತರಕಾರಿ ಹೊತ್ತು ಬೆಳಗಾವಿಗೆ ದಿನವೂ ಹೋಗುವವರು ಅದನ್ನು ಒಮ್ಮೆ ಓಡಿಸಿ ನೋಡಬಹುದು. ಯಾವುದೇ ಆದರೂ ತಮ್ಮ ಊರಿಗೆ ಅತಿ ಸಮೀಪದ ಅಧಿಕೃತ ಸೇವಾ ಕೇಂದ್ರಕ್ಕೆ ಕೊಳ್ಳುವ ಮುನ್ನವೇ ಹೋಗಿ, ಅಲ್ಲಿ ದುರಸ್ತಿಗೆ ನಿಂತಿರುವ ಗಾಡಿಗಳ ಮಾಲಕರೊಡನೆ ಮಾತನಾಡಿರಿ.

ಕಾಗದಪತ್ರಗಳ ಬಗ್ಗೆ ಎರಡು ಮಾತು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಾಗುವುದಿಲ್ಲ, ಮೀರಿದುದಕ್ಕೆ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಹೊರುವ ಭಾರವಲ್ಲ, ಗಾಡಿಯ ಸ್ವಂತ ತೂಕವೂ ಸೇರಿದ ಒಟ್ಟು ತೂಕ. ಚಾಲನಾ ಪರವಾನಗಿಯ ಗೊಂದಲವನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಬಗೆಹರಿಸಿದೆ: ಲಘು ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ನಮೂದು ಇಲ್ಲದೆಯೂ ಓಡಿಸಬಹುದು. ಅರ್ಹತಾ ಪತ್ರವನ್ನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಮಾಡಿಸಬೇಕು. ಹಳೆಯ ಪಿಕಪ್ ಕೊಳ್ಳಲು ಯೋಚಿಸುತ್ತಿರುವವರು ನೋಂದಣಿ ಪತ್ರದಲ್ಲಿಯ ಒಟ್ಟು ತೂಕವನ್ನೂ ಪಾಟಾದ ಎಲೆಗಳ ಎಣಿಕೆಯನ್ನೂ ತಾಳೆ ನೋಡಿ, ಖಾಲಿ ಗಾಡಿಯನ್ನು ಹತ್ತಿರದ ತೂಕಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ, ಚೀಟಿ ಪಡೆದ ನಂತರವೇ ಮುಂಗಡ ಕೊಡತಕ್ಕದ್ದು.