ಸತ್ತವರ ಹೆಸರಿನ ಪಹಣಿ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಪಂಚಲಿಂಗೇಶ್ವರನ ಗುಡಿ ಇದೆ. ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಐದು ಲಿಂಗ, ಐದು ಗರ್ಭಗುಡಿ. ದೂರದಿಂದ ಬಂದವರು ಕೆತ್ತನೆ ನೋಡಿ ಹೊಗಳಿ ಹೋಗುತ್ತಾರೆ. ಹೊಗಳಲಿ. ನಾವು ಹೇಳಬೇಕಾದದ್ದು ಬೇರೆ.

ಆ ಕಾಲದ ದಾನಶಾಸನಗಳನ್ನು ಓದಿ ನೋಡಿ. ದೇವರಿಗೆ, ಅಗ್ರಹಾರಕ್ಕೆ ಭೂಮಿ ಬಿಟ್ಟವರು ಬಾಯಿಮಾತಲ್ಲಿ ಬಿಡಲಿಲ್ಲ. ಕಲ್ಲಿನ ಮೇಲೆ ಬರೆಸಿದರು. ಎಲ್ಲೆ ಗುರುತಿಸಿದರು. ಸೂರ್ಯಚಂದ್ರರು ಇರುವತನಕ ನಡೆಯಲಿ ಎಂದರು. ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ ಎಂದು ಶಾಪ ಹಾಕಿಸಿದರು. ತಾವು ಸತ್ತ ಮೇಲೂ ತಮ್ಮ ಇಷ್ಟವೇ ನಡೆಯಬೇಕೆಂದು ಉಳ್ಳವರು ಪಟ್ಟ ಪಾಡು ಅದು. ಉಯಿಲಿಗೆ ಕನ್ನಡದಲ್ಲಿ ಮರಣಶಾಸನ ಅಂತಲೇ ಹೆಸರು. ಹಾಗಾದರೆ ಕೇಳುತ್ತೇವೆ: ಆ ಕಲ್ಲು ಹೊತ್ತವರ ಕೇರಿಯ ಶಾಸನ ಎಲ್ಲಿ?

ನಮಗೂ ಆಸ್ತಿ ಬಂದಿತ್ತು. ತೋಟಿಯ ಮಗ ತೋಟಿ. ಅಪ್ಪನ ಸಾಲಕ್ಕೆ ಮಗ ಜೀತ. ಅದಕ್ಕೆ ಪತ್ರ ಬೇಕಿರಲಿಲ್ಲ, ರುಜು ಬೇಕಿರಲಿಲ್ಲ. ಹುಟ್ಟಿದ ಕೂಡಲೇ ಖಾತೆಯಾಗಿಬಿಡುತ್ತಿತ್ತು. ಈ ವಂಶಪಾರಂಪರ್ಯದ ಹಗ್ಗ ಕಡಿಯಬೇಕೆಂದೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಮಸೂದೆ ತಂದರು. ನಮ್ಮ ನಾಡಲ್ಲಿ 1961ರ ಕಾಯ್ದೆ ಪರಂಪರೆಯ ಗ್ರಾಮಹುದ್ದೆಗಳನ್ನು ತೆಗೆಯಿತು. 1976ರ ಕಾಯ್ದೆ ಜೀತವನ್ನೂ ಜೀತದ ಸಾಲವನ್ನೂ ರದ್ದು ಮಾಡಿತು. ದರಖಾಸ್ತು ಕೊಟ್ಟು, ಕಾದು, ಹೋರಾಡಿ ಎಕರೆಯೋ ಎರಡೆಕರೆಯೋ ಕೇರಿಗೂ ಬಂತು.

ಬಂದದ್ದು ಎಲ್ಲಿ ಹೋಯಿತು?

ನಮ್ಮ ಮನೆಯದನ್ನೇ ಹೇಳುತ್ತೇವೆ. ತಾತನಿಗೆ ಎರಡೆಕರೆ ಸಾಗುವಳಿ ಚೀಟಿ ಸಿಕ್ಕಿತ್ತು. ತಾತ ಸತ್ತ. ಪಹಣಿಯಲ್ಲಿ ಸಾಯಲಿಲ್ಲ. ಅಪ್ಪನಿಗೆ ಪೌತಿ ಖಾತೆಯ ಮಾತೆತ್ತಿದರೆ, 'ಇರೋದು ಎರಡೆಕರೆ, ಅದಕ್ಯಾಕ್ಲಾ ಕಚೇರಿ ಕದ? ಸಾವಿನ ಮಾತು ಬುಡು' ಅನ್ನೋನು. ಅಷ್ಟರಲ್ಲಿ ಮದುವೆಯೊಂದಕ್ಕೆ ಚೀಟಿ ಸಾಹುಕಾರನ ಪೆಟ್ಟಿಗೆ ಸೇರಿತ್ತು. ಕೊನೆಗೆ ಡಿಗ್ರಿ ಕೈಲಿ ಹಿಡಿದು ನಾವೇ ಕಚೇರಿಗೆ ಹೋದೆವು. ವಂಶವೃಕ್ಷ ಬರೆಸಿ ಅಂದರು. ತಾತನ ಅವ್ವನ ಹೆಸರೇನು ಅಂದರು. ಹೊಯ್ಸಳರ ವಂಶಾವಳಿಯನ್ನು ಪರೀಕ್ಷೆಯಲ್ಲಿ ಒಂದು ಹೆಸರೂ ತಪ್ಪದಂತೆ ಒಪ್ಪಿಸಿದ್ದ ನಾವು ಅಲ್ಲಿ ಬಾಯಿ ಕಟ್ಟಿ ನಿಂತೆವು. ನಮ್ಮ ಮುತ್ತವ್ವನ ಹೆಸರು ನಮಗೆ ಗೊತ್ತಿರಲಿಲ್ಲ.

ಗೆಳೆಯರೇ, ಸತ್ತವರ ಹೆಸರಿಗೆ ಸೊಸೈಟಿ ಬೆಳೆಸಾಲ ಕೊಡೋದಿಲ್ಲ. ಸತ್ತವರು ತಕರಾರು ಅರ್ಜಿ ಹಾಕೋದಿಲ್ಲ. ಅದಕ್ಕೇ ಕಸಿಯುವವನಿಗೆ ಸತ್ತವರ ಪಹಣಿ ಕಂಡರೆ ಪ್ರೀತಿ.

ನಮ್ಮಲ್ಲೇ ಕೆಲವು ಕ್ರಾಂತಿಕಾರಿ ಗೆಳೆಯರಿದ್ದಾರೆ. ಆಸ್ತಿಪಾಸ್ತಿಯ ಮಾತು ಬೂರ್ಜ್ವಾ ಮಾತು ಅನ್ನುತ್ತಾರೆ. ಯಾರ ಆಸ್ತಿ ಸ್ವಾಮಿ? ನೂರು ಎಕರೆಯವನು ವಕೀಲನನ್ನು ಮನೆಗೇ ಕರೆಸಿ ಟ್ರಸ್ಟು ಬರೆಸುತ್ತಾನೆ. ಅವನಿಗೆ ನಿಮ್ಮ ಭಾಷಣ ಕೇಳಿಸೋದಿಲ್ಲ. ಕೇಳಿ ಕೈಬಿಡುವವನು ಎರಡೆಕರೆಯವನೇ.

1978ರ ಕಾಯ್ದೆ, ಜನ ಪಿಟಿಸಿಎಲ್ ಅನ್ನೋದು, ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಬಾರದು ಅನ್ನುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ಕೋರ್ಟು 2017ರಲ್ಲಿ, ತಡಮಾಡಿ ಬಂದವರಿಗೆ ಭೂಮಿ ವಾಪಸು ಇಲ್ಲ ಅಂದಿತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಆಮೇಲೂ ಕೋರ್ಟುಗಳಲ್ಲಿ ಜಗ್ಗಾಟ ನಡೆದಿದೆ. ಆದರೆ ಮಾರಾಟ, ದಾನ, ಭೋಗ್ಯ, ಗುತ್ತಿಗೆ ಎಲ್ಲವನ್ನೂ ವರ್ಗಾವಣೆ ಎನ್ನುವ ಆ ಕಾಯ್ದೆ ಎರಡನ್ನು ಹೊರಗಿಟ್ಟಿದೆ: ಮನೆಯವರ ನಡುವಿನ ಪಾಲು, ಮತ್ತು ಉಯಿಲು. ನಮಗೆಂದೇ ತೆರೆದಿಟ್ಟ ಬಾಗಿಲದು. ನಾವು ಹಾಯುತ್ತಿಲ್ಲ. ಹುಷಾರು, ಮುದುಕರ ಹೆಬ್ಬೆಟ್ಟು ಒತ್ತಿಸಿಕೊಂಡು ಸಾಹುಕಾರನೂ ಅದೇ ಬಾಗಿಲಲ್ಲಿ ನುಗ್ಗಬಲ್ಲ. ತೋಟಿ ಇನಾಮ್ತಿ ಜಮೀನಿಗಂತೂ ಈ ಕಾಯ್ದೆಯ ನೆರಳೂ ಇಲ್ಲ.

ಉಯಿಲು ದೊಡ್ಡವರ ವಿದ್ಯೆಯೇನಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಬರೆಸಿದವರು ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಅದನ್ನು ಕಣ್ಣಾರೆ ಕಂಡ ಇಬ್ಬರು ಅವರೆದುರೇ ಸಾಕ್ಷಿ ಹಾಕಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಿರಲಿ, ನಾಳೆ ಕೋರ್ಟು ಕರೆದರೆ ಬದುಕಿರಬೇಕಲ್ಲ. ನೋಂದಣಿ ಕಡ್ಡಾಯವಿಲ್ಲ, ಮಾಡಿಸಿದರೆ ಒಳ್ಳೇದು. ಸತ್ತವರ ಮರಣ ಪ್ರಮಾಣಪತ್ರ ಆಗಲೇ ಮಾಡಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಲೆಯಬೇಕು.

ಈಗ ನಮ್ಮ ಮುಖಕ್ಕೇ ಕನ್ನಡಿ ಹಿಡಿಯಬೇಕು.

ಉಯಿಲು ಬರೆಸುವಾಗ ನಮ್ಮ ಗಂಡಸರ ಬಾಯಲ್ಲಿ ಬರುವ ಮೊದಲ ಮಾತು ಏನು? 'ಹೆಣ್ಣೈಕ್ಳ ಹೆಸರು ಬ್ಯಾಡ, ಅರಿಶಿನ ಕುಂಕುಮ ಕೊಟ್ಟಾಯ್ತಲ್ಲ.' ಹೆಣ್ಣಿಗೆ ಪಾಲು ಕೊಡುವ ಹಿಂದೂ ಕೋಡ್ ಮಸೂದೆಯನ್ನು ಮೂಲೆಗೊತ್ತಿದ್ದಕ್ಕೂ ಸೇರಿ 1951ರಲ್ಲಿ ಮಂತ್ರಿ ಪದವಿ ಬಿಟ್ಟವರ ಪಟ ನಮ್ಮ ಗೋಡೆಯಲ್ಲಿದೆ. ತಂಗಿಯಿಂದ ಬರೆಸಿಕೊಂಡ ಹಕ್ಕು ಬಿಡುಗಡೆ ಪತ್ರ ಅದೇ ಗೋಡೆಯ ಕೆಳಗಿನ ಟ್ರಂಕಿನಲ್ಲಿದೆ. ಉಯಿಲಿಲ್ಲದೆ ತೀರಿಕೊಂಡವನ ಆಸ್ತಿ ತಾಯಿ, ಹೆಂಡತಿ, ಮಗ, ಮಗಳಿಗೆ ಸಮ ಎಂದು 1956ರಲ್ಲೇ ಕಾನೂನಾಯಿತು. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿ ಮದುವೆಯಾಗದ ಮಗಳಿಗೆ ಪಾಲು ಕೊಟ್ಟಿತು. 2005ರಲ್ಲಿ ದೇಶವೇ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹಕ್ಕೇ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲ ಆದ ಮೇಲೂ ಉಯಿಲನ್ನು ಅಕ್ಕತಂಗಿಯರ ಕುತ್ತಿಗೆಗೆ ಕತ್ತಿ ಮಾಡುವುದಾದರೆ, ಊರ ಗೌಡನಿಗೂ ನಮಗೂ ಏನು ವ್ಯತ್ಯಾಸ? ನಮ್ಮ ಮುತ್ತವ್ವನ ಹೆಸರು ಅಳಿಸಿಹೋದದ್ದು ಹೀಗೇ ಅಲ್ಲವೇ? ಅವಳ ಹೆಸರಿಗೆ ಒಂದು ಗುಂಟೆ ಇದ್ದಿದ್ದರೆ ಯಾವುದೋ ಹಳೇ ಕಡತದಲ್ಲಾದರೂ ಅವಳು ಇರುತ್ತಿದ್ದಳು.

ಮೇಷ್ಟ್ರೇ, ಭಾನುವಾರ ಒಂದು ಹೊತ್ತು ಕೇರಿಯ ಜಗುಲಿಯಲ್ಲಿ ಕೂತು ಪಹಣಿ ಓದಿ ಹೇಳಿ. ವಿದ್ಯಾರ್ಥಿಗಳೇ, ರಜೆಗೆ ಬಂದಾಗ ಅವ್ವಂದಿರನ್ನು ಕೇಳಿ ವಂಶವೃಕ್ಷ ಬರೆಯಿರಿ, ಹೆಂಗಸರ ಹೆಸರು ಬಿಡದೆ. ಬರೆಸುವವರಿದ್ದರೆ ಬರೆದುಕೊಡಿ. ಬರೆದಾದ ಮೇಲೆ ಗಟ್ಟಿಯಾಗಿ ಓದಿ, ಮಗಳೂ ಕೇಳುವ ಹಾಗೆ.

ನಮ್ಮ ಕವಿತೆ ಎರಡು ದಿನ ತಡವಾಗಲಿ, ಪರವಾಗಿಲ್ಲ. ನಮ್ಮವ್ವ ಹೆಬ್ಬೆಟ್ಟು ಒತ್ತಲು ಕಾದಿದ್ದಾಳೆ. ನಾವು ಹಾಳೆ ತರಬೇಕು.